ಆರೋಗ್ಯ ವಿಚಾರ: ಮೊಣಕಾಲಿನ ಸವೆತವನ್ನು ಅಳೆಯುವ ಬಗೆ

ಮನುಷ್ಯನ ಶರೀರದಲ್ಲಿ ಬಾಯಿಲ್ಲದ ಸೇವಕರು ಅನೇಕರುಂಟು. ಅವರಲ್ಲಿ ಮೊಣಕಾಲಿನ ಸಂದಿಗೆ ಮೊದಲ ಪಂಕ್ತಿಯಲ್ಲಿಯೇ ಸ್ಥಾನವು ಸಲ್ಲತಕ್ಕದ್ದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವಾಗಲೂ, ಒಲೆಯ ಮುಂದಿನಿಂದ ಏಳುವಾಗಲೂ, ದೇವರಿಗೆ ಅಡ್ಡಬೀಳುವಾಗಲೂ, ಮೆಟ್ಟಿಲುಗಳನ್ನು ಹತ್ತಿಳಿಯುವಾಗಲೂ ಅದು ನಮ್ಮ ಭಾರವನ್ನೆಲ್ಲ ಹೊತ್ತು ಮೌನವಾಗಿ ದುಡಿಯುತ್ತಿರುವುದು. ಅದು ಮಾತನಾಡಲಾರಂಭಿಸುವುದು ನೋವಿನ ಮೂಲಕವೇ. ಆ ವೇಳೆಗೆ ಒಳಗೆ ಬಹಳ ದಿನಗಳಿಂದ ಸವೆತವು ನಡೆದಿರುವುದು.

ಮನೆಯಲ್ಲಿ ಹಿರಿಯರಿಗೆ ಮೊಣಕಾಲು ಸವೆದಿದೆಯೆಂದು ವೈದ್ಯರು ಹೇಳಿದೊಡನೆ ಮನೆಯವರೆಲ್ಲರ ಮನಸ್ಸಿನಲ್ಲಿಯೂ ಕೆಲವು ಪ್ರಶ್ನೆಗಳು ಏಳುವುವು. ಎಷ್ಟು ಸವೆದಿದೆ? ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚಾಗಿದೆಯೇ? ಕೊಡುತ್ತಿರುವ ಔಷಧದಿಂದ ಸವೆತವು ನಿಂತಿತೇ, ನಿಧಾನವಾಯಿತೇ, ಅಥವಾ ಏನೂ ಆಗಲಿಲ್ಲವೇ? ಈ ಪ್ರಶ್ನೆಗಳು ಕೇವಲ ಕುತೂಹಲದವುಗಳಲ್ಲ. ಇಂಜೆಕ್ಷನ್ ಮುಂದುವರಿಸುವುದು, ಬಿಡುವುದು, ಶಸ್ತ್ರಚಿಕಿತ್ಸೆಗೆ ಒಪ್ಪುವುದು, ತಡೆಯುವುದು, ಇವೆಲ್ಲವೂ ಅವುಗಳ ಉತ್ತರದ ಮೇಲೆ ಅವಲಂಬಿಸಿರುವುವು. ಕೇಳುವುದಕ್ಕೆ ಸುಲಭವಾಗಿ ತೋರುವ ಈ ಪ್ರಶ್ನೆಗಳಿಗೆ ಉತ್ತರ ಹೇಳುವುದು ಎಷ್ಟು ಕಠಿಣವೆಂಬುದನ್ನೂ, ಇಂದಿನ ವಿದ್ವಾಂಸರು ಆ ಕಾರ್ಯವನ್ನು ಯಾವ ಯುಕ್ತಿಯಿಂದ ಸಾಧಿಸುತ್ತಿರುವರೆಂಬುದನ್ನೂ ಈ ತಿಂಗಳು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಮೊದಲು ಸವೆಯುವ ವಸ್ತುವು ಯಾವುದೆಂಬುದನ್ನು ತಿಳಿಯೋಣ. ತೊಡೆಯ ಎಲುಬು, ಕಣಕಾಲಿನ ದೊಡ್ಡ ಎಲುಬು, ಮುಂದುಗಡೆಯಲ್ಲಿ ಮೊಣಕಾಲಿನ ಚಿಪ್ಪು, ಈ ಮೂರೂ ಸೇರಿ ಮೊಣಕಾಲಿನ ಸಂದು ಆಗಿದೆ. ಎಲುಬಿಗೆ ಎಲುಬು ನೇರವಾಗಿ ತಿಕ್ಕದಂತೆ ಅವುಗಳ ತುದಿಗಳ ಮೇಲೆ ನುಣುಪಾದ, ಬೆಳ್ಳಗಿನ, ಸ್ಥಿತಿಸ್ಥಾಪಕ ಗುಣವುಳ್ಳ ಒಂದು ಹೊದಿಕೆಯು ಇರುವುದು. ಇದಕ್ಕೆ ಮೃದ್ವಸ್ಥಿಯೆಂದು ಹೆಸರು. ನಮ್ಮ ಕಿವಿಯ ಹಾಲೆಯ ಮೇಲ್ಭಾಗವನ್ನು ಬೆರಳಿನಿಂದ ಬಗ್ಗಿಸಿ ನೋಡಿದರೆ ಇದೇ ಕುಲದ ಒಂದು ವಸ್ತುವಿನ ಪರಿಚಯವಾಗುವುದು. ಮೊಣಕಾಲಿನಲ್ಲಿ ಈ ಹೊದಿಕೆಯ ದಪ್ಪವು ಬಹುಭಾಗದಲ್ಲಿ ೨ರಿಂದ ೪ ಮಿಲಿಮೀಟರ್ ಮಾತ್ರ. ಚಿಪ್ಪಿನ ಹಿಂಬದಿಯಲ್ಲಿ ಮಾತ್ರ ಇನ್ನೂ ಸ್ವಲ್ಪ ಹೆಚ್ಚು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ನೀರೇ ಆಗಿದೆ. ಆ ನೀರನ್ನು ಹಿಡಿದಿಡುವುದಕ್ಕೆ ನಾರುಗಳ ಒಂದು ಸೂಕ್ಷ್ಮವಾದ ಬಲೆಯುಂಟು.

ಈ ಹೊದಿಕೆಗೆ ಎರಡು ವಿಶೇಷಗಳುಂಟು. ಒಂದನೆಯದು, ಅದರೊಳಗೆ ರಕ್ತನಾಳಗಳಿಲ್ಲ. ಆದಕಾರಣ ಚರ್ಮದ ಗಾಯವು ಮಾಯುವಂತೆ ಅದರ ಗಾಯವು ಮಾಯುವುದಿಲ್ಲ. ಈ ಸಂಗತಿಯನ್ನು ಲಂಡನ್ನಿನಲ್ಲಿದ್ದ ಶರೀರಶಾಸ್ತ್ರಜ್ಞ ವಿಲಿಯಂ ಹಂಟರನು ೧೭೪೩ರಷ್ಟು ಹಿಂದೆಯೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿಟ್ಟನು. ಎರಡನೆಯದು, ಅದರೊಳಗೆ ನರಗಳೂ ಇಲ್ಲ. ಆದುದರಿಂದ ಅದು ಸವೆಯುತ್ತಿರುವಾಗ ತಾನಾಗಿ ನೋಯುವುದಿಲ್ಲ. ನೋವು ಹುಟ್ಟುವುದು ಸುತ್ತಲಿನ ಪೊರೆ, ಎಲುಬು, ಸ್ನಾಯುಗಳಿಂದ. ಇದರಿಂದ ನೋವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಸವೆತವನ್ನು ಹೇಳಲಾಗದೆಂಬುದು ಸ್ಪಷ್ಟವು. ಬಹಳ ನೋಯುವ ಮೊಣಕಾಲಿನಲ್ಲಿ ಹೊದಿಕೆಯು ಸಾಕಷ್ಟು ಉಳಿದಿರಬಹುದು; ಸದ್ದಿಲ್ಲದಿರುವ ಮೊಣಕಾಲಿನಲ್ಲಿ ಅದು ಬಹಳ ಮಟ್ಟಿಗೆ ಹೋಗಿರಬಹುದು. ಸವೆತವನ್ನು ತಿಳಿಯಬೇಕಾದರೆ ಒಳಗನ್ನು ಕಣ್ಣಿನಿಂದ ನೋಡಿಯೇ ತಿಳಿಯಬೇಕು.

೧೮೯೫ರಲ್ಲಿ ಜರ್ಮನಿಯ ರಂಟ್‌ಗೆನ್ನನು ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಒಳಗನ್ನು ನೋಡುವ ದಾರಿಯು ತೆರೆಯಿತು. ಆದರೆ ಈ ಕಿರಣಗಳಿಗೆ ಎಲುಬು ಚೆನ್ನಾಗಿ ಕಾಣುವುದೇ ಹೊರತು ಮೃದ್ವಸ್ಥಿಯು ಕಾಣುವುದಿಲ್ಲ. ಎಕ್ಸ್-ಕಿರಣದ ಚಿತ್ರದಲ್ಲಿ ಎರಡು ಎಲುಬುಗಳ ನಡುವೆ ತೋರುವ ಬರಿಯ ಅಂತರವನ್ನು ನೋಡಿ, ಅದು ಕಿರಿದಾಗಿದ್ದರೆ ಹೊದಿಕೆಯು ಸವೆದಿದೆಯೆಂದು ಊಹಿಸಬೇಕಾಗುವುದು. ೧೯೫೭ರಲ್ಲಿ ಕೆಲ್‌ಗ್ರೆನ್, ಲಾರೆನ್ಸ್ ಎಂಬ ಇಬ್ಬರು ವೈದ್ಯರು ಇಂತಹ ಚಿತ್ರಗಳನ್ನು ೦ಯಿಂದ ೪ರವರೆಗೆ ದರ್ಜೆಗಳಾಗಿ ವಿಂಗಡಿಸಿದರು. ಆ ದರ್ಜೆಗಳನ್ನು ವೈದ್ಯರು ಇಂದಿಗೂ ಬಳಸುತ್ತಿರುವರು. ಆದರೆ ಅಂತರವನ್ನು ನೋಡಿ ಹೊದಿಕೆಯನ್ನು ಊಹಿಸುವುದರಲ್ಲಿ ತೊಡಕುಂಟು. ಆ ಅಂತರದಲ್ಲಿ ಮೆನಿಸ್ಕಸ್ ಎಂಬ ಬಿಲ್ಲೆಗಳೂ ಇರುವುದರಿಂದ, ಅವು ಪಕ್ಕಕ್ಕೆ ಸರಿದರೂ ಅಂತರವು ಕಿರಿದಾಗಿ ಕಾಣುವುದು. ಅಲ್ಲದೆ ರೋಗಿಯು ನಿಂತಾಗ ಮೊಣಕಾಲು ಎಷ್ಟು ಬಗ್ಗಿತ್ತೆಂಬುದರ ಮೇಲೂ, ಕಿರಣವು ಯಾವ ಓರೆಯಿಂದ ಬಿದ್ದಿತೆಂಬುದರ ಮೇಲೂ ಅಂತರವು ಹೆಚ್ಚು ಕಡಿಮೆಯಾಗಿ ತೋರುವುದು. ಸಂಶೋಧನೆಗಳಲ್ಲಿ ಮೊಣಕಾಲನ್ನು ಪ್ರತಿಸಲವೂ ಒಂದೇ ಕೋನದಲ್ಲಿ ಬಗ್ಗಿಸಿ ನಿಲ್ಲಿಸುವುದಕ್ಕೆ ಚೌಕಟ್ಟುಗಳನ್ನು ಬಳಸುವುದು ಈ ಕಾರಣದಿಂದಲೇ.

ಮೃದ್ವಸ್ಥಿಯನ್ನೇ ನೇರವಾಗಿ ಕಾಣಿಸುವ ಸಾಧನವು ಎಂ.ಆರ್.ಐ. ಎಂಬುದು. ಇದರ ಚಿತ್ರವನ್ನು ನಾವು ಕಾಂತಚಿತ್ರವೆಂದು ಕರೆಯೋಣ. ೧೯೭೩ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ಇದರ ಮೂಲತತ್ತ್ವವನ್ನು ಪ್ರಕಟಿಸಿದನು. ಅವನಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡನಿಗೂ ೨೦೦೩ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಬಲವಾದ ಅಯಸ್ಕಾಂತದೊಳಗೆ ಶರೀರವನ್ನಿರಿಸಿ ರೇಡಿಯೋ ತರಂಗಗಳನ್ನು ಹಾಯಿಸಿದರೆ, ಶರೀರದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳು ಕ್ಷೀಣವಾದ ಮರುದನಿಯನ್ನು ಕೊಡುವುವು. ಆ ಮರುದನಿಯಿಂದ ಯಂತ್ರವು ಚಿತ್ರವನ್ನು ರಚಿಸುವುದು. ಮೃದ್ವಸ್ಥಿಯಲ್ಲಿ ನೀರು ಹೇರಳವಾಗಿರುವುದರಿಂದ ಅದು ಇಲ್ಲಿ ಒಂದು ಪಟ್ಟಿಯಂತೆ ಚೆನ್ನಾಗಿ ಗೋಚರಿಸುವುದು. ಎಕ್ಸ್-ಕಿರಣಗಳು ಇದರಲ್ಲಿ ಇಲ್ಲವೇ ಇಲ್ಲ. ಮೊಣಕಾಲನ್ನು ರೊಟ್ಟಿಯ ಹೋಳುಗಳಂತೆ ತೆಳ್ಳಗೆ ಕೊಯ್ದು ಇಟ್ಟರೆ ಹೇಗೋ ಹಾಗೆ, ನೂರಕ್ಕೂ ಮೀರಿದ ಚಿತ್ರಗಳು ಒಂದೇ ಸಲಕ್ಕೆ ದೊರೆಯುವುವು.

ಹೀಗಿರಲು, ಹೋದ ವರ್ಷದ ಚಿತ್ರವನ್ನೂ ಈ ವರ್ಷದ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದೆಂಬುದನ್ನು ಲೆಕ್ಕವೇ ಹೇಳುವುದು. ಸವೆತದ ರೋಗವಿರುವ ಮೊಣಕಾಲಿನಲ್ಲಿ ಹೊದಿಕೆಯು ವರ್ಷವೊಂದಕ್ಕೆ ಸರಾಸರಿಯಾಗಿ ನೂರಕ್ಕೆ ಒಂದೆರಡು ಪಾಲು ತೆಳ್ಳಗಾಗುವುದೆಂದು ಅನೇಕ ಅಧ್ಯಯನಗಳು ತಿಳಿಸುವುವು. ೨ ಮಿಲಿಮೀಟರ್ ದಪ್ಪದ ಹೊದಿಕೆಯಲ್ಲಿ ನೂರಕ್ಕೆ ೨ ಪಾಲೆಂದರೆ ೦.೦೪ ಮಿಲಿಮೀಟರ್. ಕಾಂತಚಿತ್ರವಾದರೋ ಚಿಕ್ಕ ಚಿಕ್ಕ ಚುಕ್ಕೆಗಳಿಂದಾದುದು. ಮೊಣಕಾಲಿನ ಸಂಶೋಧನೆಯಲ್ಲಿ ಹೆಸರಾದ ಒಂದು ಬಗೆಯ ಚಿತ್ರದಲ್ಲಿ ಚುಕ್ಕೆಯ ಅಗಲವು ಸುಮಾರು ೦.೩೭ ಮಿಲಿಮೀಟರ್, ಹೋಳಿನ ದಪ್ಪವು ೦.೭ ಮಿಲಿಮೀಟರ್. ಎಂದರೆ ವರ್ಷದ ಸವೆತವು ಒಂದು ಚುಕ್ಕೆಯ ಒಂಬತ್ತನೆಯ ಒಂದು ಪಾಲಿನಷ್ಟು! ಗಜದ ಕಡ್ಡಿಯಿಂದ ಕೂದಲೆಳೆಯನ್ನು ಅಳೆಯುವಂತಹ ಕಾರ್ಯವಿದು.

ಇದಕ್ಕಿಂತಲೂ ದೊಡ್ಡದಾದ ತೊಡಕು ಇನ್ನೊಂದುಂಟು. ಎರಡು ವರ್ಷಗಳಲ್ಲಿಯೂ ರೋಗಿಯು ಯಂತ್ರದಲ್ಲಿ ಒಂದೇ ರೀತಿಯಾಗಿ ಮಲಗಿರಲಾರನು. ಕಾಲು ತುಸು ಹೊರಕ್ಕೆ ಹೊರಳಿರಬಹುದು. ಮೊಣಕಾಲಿನ ಕೆಳಗಿಟ್ಟ ದಿಂಬು ತುಸು ದಪ್ಪವಾಗಿದ್ದಿರಬಹುದು. ಸೌತೆಕಾಯಿಯನ್ನು ನೇರವಾಗಿ ಕೊಯ್ದರೆ ಸಿಪ್ಪೆಯು ತೆಳ್ಳಗೆ ಕಾಣುವುದು. ಅದನ್ನೇ ಓರೆಯಾಗಿ ಕೊಯ್ದರೆ ಸಿಪ್ಪೆಯು ದಪ್ಪವಾಗಿ ಕಾಣುವುದು. ಇದು ಅಡಿಗೆಯ ಮನೆಯಲ್ಲಿ ದುಡಿಯುವವರೆಲ್ಲರೂ ಕಂಡ ಸಂಗತಿಯೇ. ಮೃದ್ವಸ್ಥಿಯೂ ಎಲುಬಿನ ಮೇಲಿನ ಸಿಪ್ಪೆಯಂತೆಯೇ ಇರುವುದರಿಂದ ಅದಕ್ಕೂ ಇದೇ ನ್ಯಾಯವು ಸಲ್ಲುವುದು. ೨ ಮಿಲಿಮೀಟರಿನ ಹೊದಿಕೆಯನ್ನು ೧೦ ಡಿಗ್ರಿಯಷ್ಟು ಓರೆಯಾಗಿ ಕೊಯ್ದ ಹೋಳಿನಲ್ಲಿ ಅಳೆದರೆ ಅದು ೨.೦೩ ಮಿಲಿಮೀಟರ್ ಆಗಿ ತೋರುವುದು. ೨೦ ಡಿಗ್ರಿಯಷ್ಟು ಓರೆಯಾದರೆ ೨.೧೩ ಮಿಲಿಮೀಟರ್. ಮೊದಲನೆಯ ವ್ಯತ್ಯಾಸವು ಹೆಚ್ಚು ಕಡಿಮೆ ಒಂದು ವರ್ಷದ ಸವೆತಕ್ಕೆ ಸಮ. ಎರಡನೆಯದು ಮೂರು ವರ್ಷಗಳದಕ್ಕೂ ಮೀರಿದ್ದು. ಹೋದ ವರ್ಷ ಹೋಳು ಓರೆಯಾಗಿದ್ದು ಈ ವರ್ಷ ನೇರವಾಗಿದ್ದರೆ, ಸವೆಯದ ಮೊಣಕಾಲು ಸವೆದಂತೆ ತೋರಿ ಮನೆಯವರು ಭಯಪಡುವರು. ಹೋದ ವರ್ಷ ನೇರವಾಗಿದ್ದು ಈ ವರ್ಷ ಓರೆಯಾಗಿದ್ದರೆ, ಸವೆದ ಮೊಣಕಾಲು ಬೆಳೆದಂತೆ ತೋರಿ ಔಷಧಕ್ಕೆ ಸಲ್ಲದ ಕೀರ್ತಿಯು ಸಲ್ಲುವುದು. ಎರಡೂ ಸುಳ್ಳೇ. ಕಾಲು ಹೊರಳಿದ್ದುದನ್ನು ರೋಗವೆಂದು ಓದಿದಂತಾಯಿತು.

ಮಕ್ಕಳ ಎತ್ತರವನ್ನು ಮನೆಯ ಕಂಬದ ಮೇಲೆ ವರ್ಷವರ್ಷವೂ ಗುರುತು ಮಾಡುವ ಪದ್ಧತಿಯುಂಟಷ್ಟೆ. ಹಿಮ್ಮಡಿಯನ್ನು ನೆಲಕ್ಕೆ ಊರಿ, ತಲೆಯನ್ನು ನೆಟ್ಟಗಿಟ್ಟು, ಬೆನ್ನನ್ನು ಕಂಬಕ್ಕೆ ಒರಗಿಸಿ ನಿಂತರೆ ಮಾತ್ರವೇ ಎರಡು ಗುರುತುಗಳ ನಡುವಿನ ಅಂತರವು ಬೆಳವಣಿಗೆಯನ್ನು ತೋರಿಸುವುದು. ಮಗುವು ತುದಿಗಾಲಿನಲ್ಲಿ ನಿಂತರೆ ಅದು ತೋರಿಸುವುದು ಮಗುವಿನ ಚೇಷ್ಟೆಯನ್ನು. ಬೆಳೆಯುವುದನ್ನು ಅಳೆಯಬೇಕಾದರೆ ಬೆಳೆಯದ ನೆಲವೊಂದು ಬೇಕು. ಸವೆಯುವುದನ್ನು ಅಳೆಯಬೇಕಾದರೆ ಸವೆಯದ ಆಧಾರವೊಂದು ಬೇಕು. ಈ ತಿಂಗಳ ವಿಷಯದ ಸಾರವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ಎರಡು ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡುವಂತೆ ಹೊಂದಿಸುವ ಈ ಕ್ರಿಯೆಗೆ ವಿಜ್ಞಾನಿಗಳು ರಿಜಿಸ್ಟ್ರೇಷನ್ ಎನ್ನುವರು. ಇದು ಮುದ್ರಣಾಲಯದವರಿಗೆ ಬಹಳ ಪರಿಚಿತವಾದ ಮಾತು. ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮನ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ನಮ್ಮ ಹಳೆಯ ಮನೆಗಳ ಗೋಡೆಗಳ ಮೇಲೆ ಇಂದಿಗೂ ಕಾಣಬಹುದು. ಆ ಪಟಗಳಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲಚ್ಚು ಇರುತ್ತಿತ್ತು. ಕಾಗದವು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲದ ಮೇಲೆ ಬೀಳುವುದು. ಇದನ್ನು ತಪ್ಪಿಸುವುದಕ್ಕಾಗಿ ಕಾಗದದ ಅಂಚಿನಲ್ಲಿ ಗುರುತುಗಳನ್ನಿಟ್ಟು, ಆ ಗುರುತುಗಳು ಒಂದರ ಮೇಲೊಂದು ಕೂಡುವಂತೆ ನೋಡಿಕೊಳ್ಳುವರು. ವೈದ್ಯಚಿತ್ರಗಳ ಹೊಂದಿಕೆಯೂ ಇದೇ ಜಾತಿಯದು. ಆದರೆ ಇಲ್ಲಿ ಅಂಚಿನ ಗುರುತುಗಳಿಲ್ಲ. ಗುರುತುಗಳನ್ನು ಶರೀರದೊಳಗೇ ಹುಡುಕಬೇಕು.

ಹೊಂದಿಕೆಯಿಂದ ಎಂತಹ ಸೂಕ್ಷ್ಮವಾದ ಬದಲಾವಣೆಯೂ ಕಣ್ಣಿಗೆ ಬೀಳುವುದೆಂಬುದಕ್ಕೆ ಖಗೋಳಶಾಸ್ತ್ರದಿಂದ ಒಂದು ನಿದರ್ಶನವನ್ನು ಕೊಡಬಹುದು. ೧೯೩೦ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟೊಂಬಾ ಎಂಬ ಯುವಕನು ಆಕಾಶದ ಒಂದೇ ಭಾಗವನ್ನು ಆರು ದಿನಗಳ ಅಂತರದಲ್ಲಿ ತೆಗೆದ ಎರಡು ಛಾಯಾಚಿತ್ರಗಳನ್ನು ಒಂದು ಯಂತ್ರದಲ್ಲಿಟ್ಟು, ನಕ್ಷತ್ರಗಳೆಲ್ಲವೂ ಒಂದೇ ಸ್ಥಾನದಲ್ಲಿ ಕೂಡುವಂತೆ ಹೊಂದಿಸಿ, ಒಂದರ ಬಳಿಕ ಒಂದನ್ನು ಬೇಗಬೇಗನೆ ನೋಡಿದನು. ಅಸಂಖ್ಯಾತ ನಕ್ಷತ್ರಗಳು ನಿಂತಲ್ಲಿಯೇ ನಿಂತವು; ಒಂದು ಚುಕ್ಕೆ ಮಾತ್ರ ಅತ್ತಿತ್ತ ಜಿಗಿಯಿತು. ಅದೇ ಪ್ಲೂಟೋ. ಸ್ಥಿರವಾದವುಗಳನ್ನು ಮೊದಲು ಸ್ಥಿರವಾಗಿ ನಿಲ್ಲಿಸಿದ್ದರಿಂದಲೇ ಚಲಿಸಿದುದು ತನ್ನನ್ನು ತಾನೇ ತೋರಿಸಿಕೊಂಡಿತು.

ಮೊಣಕಾಲಿನಲ್ಲಿ ನಕ್ಷತ್ರಗಳ ಸ್ಥಾನವನ್ನು ಎಲುಬು ವಹಿಸುವುದು. ಪ್ರಾಯಕ್ಕೆ ಬಂದವರ ಎಲುಬಿನ ಆಕಾರವು ಒಂದೆರಡು ವರ್ಷಗಳಲ್ಲಿ ಬಹಳವಾಗಿ ಬದಲಾಗದು. ಸವೆತದ ರೋಗದಲ್ಲಿ ಎಲುಬಿನ ಅಂಚುಗಳಲ್ಲಿ ಚಿಕ್ಕ ಮುಳ್ಳುಗಳು ಬೆಳೆಯುವುದುಂಟಾದರೂ, ಅಂಚಿನಿಂದ ದೂರವಾದ ಎಲುಬಿನ ಕಾಂಡವು ನಂಬಿಕೆಗೆ ಯೋಗ್ಯವಾಗಿಯೇ ಇರುವುದು. ಆದುದರಿಂದ ಗಣಕಯಂತ್ರವು ಹಳೆಯ ಚಿತ್ರದ ಎಲುಬಿನ ಮೇಲೆ ಹೊಸ ಚಿತ್ರದ ಎಲುಬನ್ನು ಕೂಡಿಸಲು ಪ್ರಯತ್ನಿಸುವುದು. ಗಟ್ಟಿಯಾದ ವಸ್ತುವೊಂದನ್ನು ಸರಿಸುವುದಕ್ಕೆ ಇರುವ ದಾರಿಗಳು ಆರೇ ಆರು: ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲುಕೆಳಕ್ಕೆ ಜರುಗಿಸುವುದು ಮೂರು, ಆ ಮೂರು ದಿಕ್ಕುಗಳನ್ನು ಅಚ್ಚಾಗಿಟ್ಟುಕೊಂಡು ತಿರುಗಿಸುವುದು ಮೂರು. ಈ ಆರು ಸಂಖ್ಯೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ, ಪ್ರತಿಸಲವೂ ಹೊಂದಿಕೆ ಉತ್ತಮವಾಯಿತೇ ಕೆಟ್ಟಿತೇ ಎಂದು ಯಂತ್ರವು ಪರೀಕ್ಷಿಸುವುದು. ಇನ್ನು ಉತ್ತಮವಾಗದೆಂಬ ಸ್ಥಿತಿ ಬಂದಾಗ ನಿಲ್ಲುವುದು.

ಹೊಂದಿಕೆಯ ಗುಣವನ್ನು ಅಳೆಯುವುದಕ್ಕೆ ಹಲವು ಕ್ರಮಗಳುಂಟು. ಎರಡು ಚಿತ್ರಗಳ ಚುಕ್ಕೆಗಳ ಹೊಳಪಿನ ವ್ಯತ್ಯಾಸಗಳನ್ನು ಕೂಡಿಸಿ ನೋಡುವುದು ಅತ್ಯಂತ ಸರಳವಾದುದು. ೧೯೯೨ರಲ್ಲಿ ಬೆಸ್ಲ್ ಮತ್ತು ಮೆಕ್ಕೆ ಎಂಬವರು ಪ್ರಕಟಿಸಿದ ಕ್ರಮದಲ್ಲಿ ಒಂದು ಮೇಲ್ಮೈಯ ಪ್ರತಿಯೊಂದು ಬಿಂದುವಿಗೂ ಇನ್ನೊಂದರ ಅತಿ ಸಮೀಪದ ಬಿಂದುವನ್ನು ಜೊತೆಗೂಡಿಸಿ, ದೂರವನ್ನು ತಗ್ಗಿಸಿ, ಪುನಃ ಜೊತೆಗೂಡಿಸುತ್ತ ಹೋಗುವರು. ಎರಡು ಚಿತ್ರಗಳ ಹೊಳಪು ಬೇರೆ ಬೇರೆಯಾಗಿದ್ದರೆ ಬೇರೊಂದು ಯುಕ್ತಿಯು ಬೇಕು. ೧೯೯೫ರ ಸುಮಾರಿಗೆ ಅಮೆರಿಕದ ವಯೋಲಾ ಮತ್ತು ವೆಲ್ಸ್ ಎಂಬವರೂ, ಬೆಲ್ಜಿಯಮಿನ ಲ್ಯೂವೆನ್ ವಿದ್ವಾಂಸರೂ ಬೇರೆ ಬೇರೆಯಾಗಿ ಅಂತಹುದೊಂದನ್ನು ಕಂಡುಹಿಡಿದರು. ಒಂದು ಚಿತ್ರದ ಚುಕ್ಕೆಯನ್ನು ನೋಡಿದರೆ ಇನ್ನೊಂದರ ಅದೇ ಸ್ಥಳದ ಚುಕ್ಕೆಯನ್ನು ಎಷ್ಟು ಮಟ್ಟಿಗೆ ಊಹಿಸಬಹುದೆಂಬುದೇ ಅದರ ಅಳತೆ. ಸರಿಯಾಗಿ ಕೂಡಿದಾಗ ಊಹೆಯು ಬಲವಾಗುವುದು, ಸರಿದಾಗ ದುರ್ಬಲವಾಗುವುದು.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕವು. ಮೊದಲನೆಯದು, ಮೊಣಕಾಲನ್ನು ಇಡಿಯಾಗಿ ಒಂದೇ ವಸ್ತುವೆಂದು ಭಾವಿಸಿ ಹೊಂದಿಸಕೂಡದು. ಅದು ಮಡಿಸುವ ಸಂದು. ಎರಡು ವರ್ಷಗಳಲ್ಲಿ ಅದು ಒಂದೇ ಕೋನದಲ್ಲಿ ಮಡಿದಿರಲಾರದು. ತೊಡೆಯೆಲುಬನ್ನು ಕೂಡಿಸಿದರೆ ಕಣಕಾಲಿನ ಎಲುಬು ತಪ್ಪುವುದು. ಅದನ್ನು ಕೂಡಿಸಿದರೆ ಇದು ತಪ್ಪುವುದು. ಆದಕಾರಣ ಮೂರು ಎಲುಬುಗಳನ್ನೂ ಬೇರೆ ಬೇರೆಯಾಗಿ ಹೊಂದಿಸಿ, ಒಂದೊಂದರ ಹೊದಿಕೆಯನ್ನೂ ಆಯಾ ಎಲುಬಿನ ಲೆಕ್ಕದಲ್ಲಿಯೇ ಅಳೆಯತಕ್ಕದ್ದು. ಎರಡನೆಯದು, ಒಂದು ಚಿತ್ರವನ್ನು ತಿರುಗಿಸಿ ಮತ್ತೆ ಚುಕ್ಕೆಗಳಾಗಿ ಬರೆಯುವಾಗ ಅದರ ಅಂಚುಗಳು ಸ್ವಲ್ಪ ಮಸುಕಾಗುವುವು. ಒಂದು ಚಿತ್ರವು ಮಸುಕಾಗಿಯೂ ಇನ್ನೊಂದು ಚುರುಕಾಗಿಯೂ ಇದ್ದರೆ ಆ ಭೇದವೇ ಸವೆತದಂತೆ ತೋರಬಹುದು. ಇದನ್ನು ತಪ್ಪಿಸುವುದಕ್ಕೆ ಎರಡನ್ನೂ ಅರ್ಧರ್ಧ ದಾರಿ ನಡೆಯಿಸಿ ನಡುವಿನಲ್ಲಿ ಕೂಡಿಸುವುದು ಒಂದು ಉಪಾಯ. ಹಳೆಯದಕ್ಕೂ ಹೊಸದಕ್ಕೂ ಸಮಾನವಾದ ನ್ಯಾಯವು ಸಲ್ಲಬೇಕೆಂಬುದೇ ಇದರ ತಾತ್ಪರ್ಯ.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದುದು. ಚಿತ್ರವನ್ನು ರಬ್ಬರಿನ ಹಾಳೆಯಂತೆ ಬೇಕಾದಲ್ಲಿ ಎಳೆದು ಕುಗ್ಗಿಸಿ ಹೊಂದಿಸುವ ಕ್ರಮಗಳೂ ಇವೆ. ಬೇರೆ ಬೇರೆ ಜನರ ಮೊಣಕಾಲುಗಳನ್ನು ಒಂದೇ ಮಾದರಿಗೆ ತಂದು ಹೋಲಿಸುವುದಕ್ಕೆ ಅವು ಬಹಳ ಉಪಯುಕ್ತವು. ಆದರೆ ಒಬ್ಬನದೇ ಮೊಣಕಾಲಿನ ಎರಡು ವರ್ಷಗಳ ಚಿತ್ರಗಳನ್ನು ಹಾಗೆ ಎಳೆದು, ತೆಳುವಾದ ಹೊದಿಕೆಯನ್ನು ಹಿಗ್ಗಿಸಿ ದಪ್ಪವಾದುದರ ಮೇಲೆ ಕೂಡಿಸಿಬಿಟ್ಟರೆ, ಎರಡು ಚಿತ್ರಗಳೂ ಅಂದವಾಗಿ ಒಂದಾಗುವುವು; ನಾವು ಹುಡುಕಹೊರಟ ಸವೆತವು ಮಾತ್ರ ಆ ಅಂದದಲ್ಲಿ ಮುಳುಗಿಹೋಗುವುದು! ಎಷ್ಟು ಎಳೆಯಬೇಕಾಯಿತೆಂಬ ಲೆಕ್ಕವನ್ನು ಬರೆದಿಟ್ಟುಕೊಂಡರೆ ಆ ಲೆಕ್ಕದಿಂದಲೇ ಸವೆತವನ್ನು ಹೇಳಬಹುದು. ಬರೆದಿಡದೆ ಎಳೆದರೆ ಸಾಕ್ಷಿಯನ್ನೇ ಅಳಿಸಿದಂತಾಗುವುದು. ಯಾವುದನ್ನು ಅಳೆಯಬೇಕಾಗಿದೆಯೋ ಅದನ್ನು ಹೊಂದಿಕೆಗೆ ಆಧಾರವಾಗಿ ಬಳಸಬಾರದು. ಎಲುಬಿನಿಂದ ಹೊಂದಿಸಬೇಕು, ಹೊದಿಕೆಯನ್ನು ಅಳೆಯಬೇಕು. ಇದೇ ಈ ಶಾಸ್ತ್ರದ ಧರ್ಮ.

ಹೊಂದಿಕೆಯಾದ ಬಳಿಕ ಹೊದಿಕೆಯ ಮೇಲಣ ಸಾವಿರಾರು ಬಿಂದುಗಳಲ್ಲಿ ಎಲುಬಿಗೆ ಲಂಬವಾಗಿ ದಪ್ಪವನ್ನು ಅಳೆದು, ಹೋದ ವರ್ಷದ ಅದೇ ಬಿಂದುವಿನ ದಪ್ಪದಿಂದ ಕಳೆಯುವರು. ಚುಕ್ಕೆಗಿಂತ ಚಿಕ್ಕದಾದ ಭೇದವು ಹೇಗೆ ತಿಳಿಯುವುದೆಂಬ ಸಂದೇಹಕ್ಕೆ ಇಲ್ಲಿ ಪರಿಹಾರವುಂಟು. ಒಂದು ಅಕ್ಕಿಯ ಕಾಳಿನ ತೂಕವನ್ನು ಅಂಗಡಿಯ ತಕ್ಕಡಿಯು ಹೇಳಲಾರದು. ಸಾವಿರ ಕಾಳುಗಳನ್ನು ತೂಗಿ ಸಾವಿರದಿಂದ ಭಾಗಿಸಿದರೆ ಅದೇ ತಕ್ಕಡಿಯು ಹೇಳುವುದು. ಆದರೆ ತಕ್ಕಡಿಯೇ ಒಂದು ಕಡೆಗೆ ವಾಲಿದ್ದರೆ ಹತ್ತು ಸಾವಿರ ಕಾಳುಗಳನ್ನು ತೂಗಿದರೂ ತಪ್ಪು ತಪ್ಪಾಗಿಯೇ ಉಳಿಯುವುದು. ಆಕಸ್ಮಿಕವಾದ ದೋಷಗಳನ್ನು ಸರಾಸರಿಯು ತೊಳೆಯುವುದು, ವಾಲಿಕೆಯನ್ನು ತೊಳೆಯಲಾರದು. ಮೊದಲು ಹೊಂದಿಕೆ, ಆಮೇಲೆ ಸರಾಸರಿ ಎಂಬ ಕ್ರಮವು ಏತಕ್ಕೆಂಬುದು ಇದರಿಂದ ವ್ಯಕ್ತವಾಗುವುದು.

ಚಿತ್ರದ ದೋಷವಲ್ಲದೆ ಶರೀರದ ಸ್ವಭಾವದಿಂದಲೂ ಮೋಸವಾಗಬಹುದು. ಮೃದ್ವಸ್ಥಿಯು ನೀರು ತುಂಬಿದ ವಸ್ತುವಾದುದರಿಂದ ಭಾರ ಬಿದ್ದಾಗ ನೀರನ್ನು ಬಿಟ್ಟುಕೊಟ್ಟು ತೆಳ್ಳಗಾಗುವುದು, ವಿಶ್ರಾಂತಿಯಲ್ಲಿ ಮತ್ತೆ ತುಂಬಿಕೊಳ್ಳುವುದು. ಐವತ್ತು ನೂರು ಬಸ್ಕಿ ಹೊಡೆದವರ ಮೊಣಕಾಲಿನ ಚಿಪ್ಪಿನ ಹೊದಿಕೆಯು ನೂರಕ್ಕೆ ಐದಾರು ಪಾಲು ಕುಗ್ಗುವುದೆಂದೂ, ಪೂರ್ತಿಯಾಗಿ ಮೊದಲಿನಂತಾಗಲು ಒಂದು ಗಂಟೆಗಿಂತಲೂ ಹೆಚ್ಚು ಹಿಡಿಯುವುದೆಂದೂ ಜರ್ಮನಿಯ ಸಂಶೋಧಕರು ತೋರಿಸಿರುವರು. ಎಂದರೆ ಒಂದು ಬೆಳಗಿನ ಬಸ್ಕಿಯು ಹಲವು ವರ್ಷಗಳ ಸವೆತದ ವೇಷವನ್ನು ಧರಿಸಬಲ್ಲದು! ಆದುದರಿಂದ ಚಿತ್ರವನ್ನು ತೆಗೆಯುವ ಮುನ್ನ ರೋಗಿಯನ್ನು ಸ್ವಲ್ಪ ಹೊತ್ತು ಕುಳ್ಳಿರಿಸುವುದು ಜಾಣತನ. ಹೊದಿಕೆಯ ಅಂಚನ್ನು ಗುರುತಿಸುವವರಿಗೆ ಯಾವ ಚಿತ್ರವು ಮೊದಲಿನದು, ಯಾವುದು ಆಮೇಲಿನದೆಂಬುದನ್ನು ತಿಳಿಸದೆ ಇರುವ ಪದ್ಧತಿಯೂ ಉಂಟು. ಏಕೆಂದರೆ ಸವೆದಿರಬೇಕೆಂದು ನಂಬಿದ ಕಣ್ಣಿಗೆ ಸವೆತವೇ ಕಾಣುವುದು.

ಇಷ್ಟೆಲ್ಲ ಪರಿಶ್ರಮದಿಂದ ಲೋಕಕ್ಕಾದ ಲಾಭವೇನು? ಅಮೆರಿಕದಲ್ಲಿ ೨೦೦೪ರಿಂದ ೨೦೦೬ರವರೆಗೆ ಬಾಲ್ಟಿಮೋರ್, ಪಿಟ್ಸ್‌ಬರ್ಗ್, ಕೊಲಂಬಸ್, ಪಾಟಕೆಟ್ ಎಂಬ ನಾಲ್ಕು ಊರುಗಳಲ್ಲಿ ೪೫ರಿಂದ ೭೯ ವಯಸ್ಸಿನ ೪,೭೯೬ ಜನರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನವನ್ನು ಆರಂಭಿಸಿದರು. ಆಸ್ಟಿಯೋ ಆರ್ಥ್ರೈಟಿಸ್ ಇನಿಷಿಯೇಟಿವ್ ಎಂದು ಅದರ ಹೆಸರು. ಮೊದಲ ನಾಲ್ಕು ವರ್ಷ ವರ್ಷಕ್ಕೊಮ್ಮೆ ಅವರ ಮೊಣಕಾಲುಗಳ ಕಾಂತಚಿತ್ರಗಳನ್ನು ಒಂದೇ ಮಾದರಿಯ ಯಂತ್ರಗಳಲ್ಲಿ ತೆಗೆದು, ಲೋಕದ ಸಂಶೋಧಕರೆಲ್ಲರಿಗೂ ದೊರೆಯುವಂತೆ ಮಾಡಿದರು. ಹೊಂದಿಕೆಯ ಹೊಸ ಹೊಸ ಕ್ರಮಗಳು ಒರೆಗೆ ಹಚ್ಚಲ್ಪಟ್ಟುದು ಬಹುಮಟ್ಟಿಗೆ ಈ ಚಿತ್ರಗಳ ಮೇಲೆಯೇ.

ಮನೆಮನೆಗೂ ಸಂಬಂಧಪಟ್ಟ ಇನ್ನೊಂದು ಸಂಗತಿಯುಂಟು. ಮೊಣಕಾಲಿನ ನೋವಿಗೆ ಸಂದಿನೊಳಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು ಬಹುಕಾಲದಿಂದ ರೂಢಿಯಲ್ಲಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಸಂದಿನ ಪೊರೆ ಊದಿಕೊಂಡಿದ್ದ ೧೪೦ ಜನರಿಗೆ ೧೨ ವಾರಗಳಿಗೊಮ್ಮೆ ಎರಡು ವರ್ಷಗಳವರೆಗೆ, ಅರ್ಧ ಜನಕ್ಕೆ ಸ್ಟೀರಾಯ್ಡನ್ನೂ ಉಳಿದ ಅರ್ಧಕ್ಕೆ ಬರಿಯ ಉಪ್ಪುನೀರನ್ನೂ ಚುಚ್ಚಿ, ಕಾಂತಚಿತ್ರಗಳನ್ನು ಹೋಲಿಸಿದರು. ೨೦೧೭ರಲ್ಲಿ ಪ್ರಕಟವಾದ ಫಲವಿದು: ಸ್ಟೀರಾಯ್ಡ್ ಪಡೆದವರ ಹೊದಿಕೆಯು ಸರಾಸರಿ ೦.೨೧ ಮಿಲಿಮೀಟರಿನಷ್ಟೂ, ಉಪ್ಪುನೀರು ಪಡೆದವರದು ೦.೧೦ ಮಿಲಿಮೀಟರಿನಷ್ಟೂ ತೆಳ್ಳಗಾಗಿತ್ತು. ನೋವಿನಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ಭೇದವಿರಲಿಲ್ಲ. ಇಂಜೆಕ್ಷನ್ ಕೊಟ್ಟ ಮೊದಲ ಕೆಲವು ವಾರಗಳ ಉಪಶಮನವನ್ನು ಈ ಪ್ರಯೋಗವು ಅಳೆಯಲಿಲ್ಲವೆಂಬುದನ್ನು ಮರೆಯಬಾರದು. ಆದರೂ ಮೂರು ತಿಂಗಳಿಗೊಮ್ಮೆ ವರ್ಷಗಟ್ಟಲೆ ಅದನ್ನೇ ಮುಂದುವರಿಸುವುದಕ್ಕೆ ಮೊದಲು ವೈದ್ಯರೊಡನೆ ಚೆನ್ನಾಗಿ ವಿಚಾರಿಸತಕ್ಕದ್ದೆಂಬ ಬುದ್ಧಿಯು ಈ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಿಂದ ನಮಗೆ ದೊರೆಯಿತು. ಅಳತೆಯು ಒರಟಾಗಿದ್ದರೆ ಈ ಭೇದವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಬೇರೊಂದು ಪಾಠವನ್ನು ಕಲಿಸುವುದು. ಹೊದಿಕೆಯನ್ನು ಬೆಳೆಸಲೆಂದು ತಯಾರಿಸಿದ ಸ್ಪ್ರಿಫರ್ಮಿನ್ ಎಂಬ ಔಷಧವನ್ನು ೫೪೯ ಜನರ ಮೇಲೆ ಪರೀಕ್ಷಿಸಿದಾಗ, ಆರು ತಿಂಗಳಿಗೊಮ್ಮೆ ಹೆಚ್ಚಿನ ಪ್ರಮಾಣವನ್ನು ಪಡೆದವರಲ್ಲಿ ಎರಡು ವರ್ಷಗಳಿಗೆ ಹೊದಿಕೆಯು ಸರಾಸರಿ ೦.೦೫ ಮಿಲಿಮೀಟರ್ ಬೆಳೆದಿತ್ತು. ಹುಸಿ ಔಷಧವನ್ನು ಪಡೆದವರಲ್ಲಿ ೦.೦೨ ಮಿಲಿಮೀಟರ್ ಸವೆದಿತ್ತು. ಆದರೆ ನೋವು ಮೊದಲಾದ ಲಕ್ಷಣಗಳಲ್ಲಿ ಗಣನೀಯವಾದ ಹೆಚ್ಚಿನ ಸುಖವೇನೂ ಕಂಡುಬರಲಿಲ್ಲ. ಚಿತ್ರವು ಹೊದಿಕೆಯನ್ನು ಅಳೆಯುವುದು, ಮನುಷ್ಯನ ಕಷ್ಟವನ್ನಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿಯಬೇಕು.

ಇನ್ನು ನಮ್ಮ ವಾಚಕರು ಗೃಹಕೃತ್ಯದಲ್ಲಿ ಅನುಸರಿಸಬಹುದಾದ ಕೆಲವು ಮಾತುಗಳನ್ನು ಹೇಳುವೆವು. ವಯಸ್ಸಾದವರ ಸಾಮಾನ್ಯವಾದ ಮೊಣಕಾಲು ನೋವಿಗೆಲ್ಲ ಕಾಂತಚಿತ್ರವು ಬೇಕಾಗಿಲ್ಲ. ಅನುಭವಿಗಳಾದ ವೈದ್ಯರು ಕೇಳಿ, ಮುಟ್ಟಿ, ನಡೆಯಿಸಿ ನೋಡಿಯೇ ಬಹುಮಟ್ಟಿಗೆ ನಿರ್ಣಯಿಸಬಲ್ಲರು. ವೈದ್ಯರು ಬೇಕೆಂದು ಹೇಳಿ, ಕಾಲಾನಂತರ ಮತ್ತೊಮ್ಮೆ ತೆಗೆಯಿಸಬೇಕಾದರೆ, ಸಾಧ್ಯವಾದ ಮಟ್ಟಿಗೆ ಅದೇ ಯಂತ್ರದಲ್ಲಿ, ಅದೇ ಕ್ರಮದಲ್ಲಿ, ದಿನದ ಅದೇ ಹೊತ್ತಿನಲ್ಲಿ ತೆಗೆಯಿಸುವುದು ಮೇಲು. ಹಳೆಯ ಫಿಲ್ಮುಗಳನ್ನೂ ಅವುಗಳೊಡನೆ ಕೊಡುವ ಸಿ.ಡಿ.ಯನ್ನೂ ಮನೆಯ ಪತ್ರಗಳಂತೆ ಜೋಪಾನವಾಗಿಟ್ಟು, ಹೊಸ ಚಿತ್ರವನ್ನು ಓದುವ ವೈದ್ಯರಿಗೆ ತಪ್ಪದೆ ಒಪ್ಪಿಸತಕ್ಕದ್ದು. ಹಳೆಯದಿಲ್ಲದ ಹೊಸದು ಬದಲಾವಣೆಯ ವಿಷಯದಲ್ಲಿ ಏನನ್ನೂ ಹೇಳಲಾರದು. ಹೋದ ಸಲದ ವರದಿಯಲ್ಲಿ ಒಂದು ಮಾತು, ಈ ಸಲದ ವರದಿಯಲ್ಲಿ ಇನ್ನೊಂದು ಮಾತು ಇದ್ದರೆ ತಟ್ಟನೆ ಭಯಪಡದೆ, ಎರಡು ಚಿತ್ರಗಳನ್ನೂ ಒಬ್ಬರೇ ಜೊತೆಯಾಗಿ ನೋಡಿರುವರೇ ಎಂದು ಕೇಳಬೇಕು. ಒಬ್ಬನೇ ರೋಗಿಯಲ್ಲಿ ಒಂದು ವರ್ಷದ ಸವೆತವು ಅಳತೆಯ ದೋಷದೊಳಗೇ ಅಡಗಿರುವುದು ಅಪೂರ್ವವಲ್ಲ. ಪ್ರಯೋಗಗಳಿಗೆ ನೂರಾರು ಜನರು ಬೇಕಾಗುವುದು ಇದೇ ಕಾರಣದಿಂದ.

ಚಿತ್ರವನ್ನು ತೆಗೆಯಿಸಲಿ ಬಿಡಲಿ, ಮಾಡಬೇಕಾದುದು ಮನೆಯಲ್ಲಿಯೇ ಉಂಟು. ಸ್ಥೂಲಶರೀರದವರು ೧ ಕಿಲೋಗ್ರಾಂ ತೂಕವನ್ನು ಇಳಿಸಿದರೆ ನಡೆಯುವಾಗ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆಯು ಸುಮಾರು ೪ ಕಿಲೋಗ್ರಾಂ ಇಳಿಯುವುದೆಂದು ೨೦೦೫ರಲ್ಲಿ ಅಮೆರಿಕದ ಒಂದು ಅಧ್ಯಯನವು ತೋರಿಸಿತು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ಮಿತವಾದ ವ್ಯಾಯಾಮವೂ ನಿತ್ಯದ ನಡಿಗೆಯೂ ನೋವನ್ನು ತಗ್ಗಿಸುವುವು. ನೋಯುವುದೆಂದು ಕಾಲನ್ನು ಅಲ್ಲಾಡಿಸದೆ ಕುಳಿತರೆ ಸ್ನಾಯುಗಳು ಸೊರಗಿ ಸಂದಿನ ಮೇಲಿನ ಹೊರೆಯು ಹೆಚ್ಚುವುದು.

ಬದಲಾವಣೆಯನ್ನು ಕುರಿತು ಮಾತನಾಡುವುದು ಸುಲಭ. ಬದಲಾಗದುದನ್ನು ಮೊದಲು ಗಟ್ಟಿಯಾಗಿ ಹಿಡಿದುಕೊಂಡು ಆಮೇಲೆ ಮಾತನಾಡುವುದು ಕಷ್ಟ. ಆ ಕಷ್ಟವನ್ನು ವಹಿಸಿದ ವೈದ್ಯರ ಮಾತಿಗೆ ನಾವು ಬೆಲೆ ಕೊಡಬೇಕು. ವಹಿಸದೆ ಹೇಳಿದ ಹೆದರಿಕೆಯ ಮಾತನ್ನೂ ಸಮಾಧಾನದ ಮಾತನ್ನೂ ಸಮನಾಗಿ ಸಂದೇಹಿಸಬೇಕು. ಮನೆಯ ಹಿರಿಯರ ಮೊಣಕಾಲಿನ ವಿಷಯದಲ್ಲಿ ನಿರ್ಧಾರವನ್ನು ಕೈಗೊಳ್ಳುವ ದಿನ ಬಂದಾಗ ನಮ್ಮ ವಾಚಕರು ಈ ಮಾತನ್ನು ನೆನೆದುಕೊಳ್ಳುವರೆಂದು ನಂಬಿರುತ್ತೇವೆ.